ತಿಕ್ಕಿ ತೊಳೆದ ವಿಮಾನ

ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂದು ತಿಳಿಯಬೇಕಾದವರು ಆಫೀಸಿಗೆ ಹೋಗಿ ಕೇಳಿ. ಅದನ್ನು ಬರೆಯುವ ಉಮೇದು ನನಗಿಲ್ಲ, ಓದುವ ಉಮೇದು ನಿಮಗೂ ಇರಲಾರದು. ಬೆಂಗಳೂರಿನ ಒಂದು ವಿಮಾನ ರಿಪೇರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಮನೆಗೆ ಬಂದಿದ್ದೇನೆ. ಈಗ ಅದೇ ವಿಭಾಗಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಸರೋಜಾ ಮೇಡಂ, ಕೆಲಸ ಹೇಗಿರುತ್ತೆ, ಎರಡು ಮಾತು ಹೇಳಿ" ಎನ್ನುತ್ತಾರೆ. ಎರಡು ಮಾತಿನಲ್ಲಿ ಮುಗಿಯುವುದಾಗಿದ್ದರೆ ನಾನು ಮೂವತ್ತನಾಲ್ಕು ವರ್ಷ ಯಾಕೆ ಒದ್ದಾಡುತ್ತಿದ್ದೆ? ಪುರುಸೊತ್ತು ಮಾಡಿಕೊಂಡು ಓದಿ.

ಕೆಲಸ ಇಷ್ಟೇ. ವಿಮಾನದ ಒಂದು ಭಾಗ ಎದುರಿಗೆ ಬರುತ್ತದೆ. ಇದು ಯಾವ ವಿಮಾನದ್ದು, ಎಲ್ಲಿ ಕೂರುವಂಥದ್ದು, ಯಾರು ರಿಪೇರಿ ಮಾಡಿದ್ದು, ಸರಿಯಾಗಿದೆಯೋ ಇಲ್ಲವೋ ನೋಡಬೇಕು. ಸರಿಯಿದ್ದರೆ ಮುದ್ರೆ ಒತ್ತಬೇಕು. ಮುದ್ರೆ ಎಂದರೆ ಒಂದು ರೂಪಾಯಿ ನಾಣ್ಯದಷ್ಟು ದುಂಡನೆಯ ರಬ್ಬರ್ ಸ್ಟಾಂಪು, ನಡುವೆ ಒಂದು ನಂಬರು. ಒಬ್ಬೊಬ್ಬರಿಗೆ ಒಂದೊಂದು ನಂಬರು. ಆ ನಂಬರು ಕಂಡರೆ ಸಾಕು, ಅದರ ಹಿಂದಿನ ಮನುಷ್ಯ ಯಾರೆಂದು ರಿಜಿಸ್ಟರ್ ಹೇಳುತ್ತದೆ.

ನನಗೆ ಕೆಲಸ ಕಲಿಸಿದವರು ರಾಜಾರಾವ್ ಎಂಬ ಹಿರಿಯ ಇನ್‌ಸ್ಪೆಕ್ಟರು. ಬಾಯಿ ಬಹಳ ಕೆಟ್ಟದ್ದು. ಸೇರಿದ ಮೊದಲ ವರ್ಷ, ತರಬೇತಿ ವಿಮಾನವೊಂದು ರನ್‌ವೇ ಬಿಟ್ಟು ಕೆರೆಯ ಅಂಗಳಕ್ಕೆ ನುಗ್ಗಿ ಮುರಿದಿತ್ತು. ಅದರ ಭಾಗಗಳನ್ನು ನನ್ನ ಮೇಜಿಗೆ ತಂದು ಹಾಕಿದರು. ಕೆಸರು, ಎಣ್ಣೆ, ಹುಲ್ಲು ಮೆತ್ತಿಕೊಂಡಿದ್ದವು. ಸಾಹೇಬರು ಬರುವ ಹೊತ್ತಿಗೆ ಚೊಕ್ಕಟವಾಗಿರಲಿ ಎಂದು ನಾನು ಸೀಮೆಎಣ್ಣೆ ಹಾಕಿ ಒರೆಸಿ ಸಾಲಾಗಿ ಜೋಡಿಸಿಟ್ಟೆ. ರಾಜಾರಾಯರು ಬಂದರು, ನೋಡಿದರು, ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ತಾಯಿ! ಆ ಎಣ್ಣೆ ಎಲ್ಲಿಂದ ಸೋರಿತ್ತು ಅನ್ನೋದನ್ನೇ ಅಲ್ವೇನಮ್ಮ ನಾವು ನೋಡಬೇಕಾಗಿದ್ದು? ಇದು ಮದುವೆ ಮನೆ ಪಾತ್ರೆ ಅಂದ್ಕೊಂಡ್ಯಾ?" ಇಡೀ ಹ್ಯಾಂಗರ್ ನಕ್ಕಿತು. ನಾನು ಸ್ಟೋರಿನ ಹಿಂದೆ ಹೋಗಿ ಅತ್ತೆ. ಆ ಅಪಘಾತಕ್ಕೆ ಕಾರಣ ಏನೆಂದು ಕೊನೆಗೂ ಯಾರಿಗೂ ತಿಳಿಯಲಿಲ್ಲ.

ಟಾರ್ಚನ್ನು ನೇರವಾಗಿ ಬಿಡಬಾರದು, ತಗಡಿಗೆ ಒರಗಿಸಿ ಅಡ್ಡಡ್ಡ ಬಿಡಬೇಕು, ಆಗ ಮಾಸಿದ ಅಂಕಿಯೂ ಎದ್ದು ಕಾಣುತ್ತದೆ ಎಂದು ಕಲಿಸಿದವರೂ ಅವರೇ. ಈಗ ನಿಮ್ಮ ಕೈಯಲ್ಲಿ ಕ್ಯಾಮೆರಾ ಇದೆ, ಕಂಪ್ಯೂಟರಿನಲ್ಲಿ ಭಾಗಸಂಖ್ಯೆ ಹೊಡೆದರೆ ಚಿತ್ರವೇ ಬರುತ್ತದೆ. ಒಳ್ಳೆಯದೇ. ಆದರೂ ಟಾರ್ಚ್ ಬಿಡಬೇಡಿ.

ಅವರು ಕಲಿಸಿದ ಇನ್ನೊಂದು ಪದ್ಧತಿ ಈಗ ಇಲ್ಲ. ಒಡೆದ ತಗಡಿಗೆ ತೇಪೆ ಹಾಕುವಾಗ ಎರಡು ಮುದ್ರೆ ಬೀಳಬೇಕಿತ್ತು. ತೇಪೆ ಮುಚ್ಚುವ ಮೊದಲು ಒಳಮೈಗೆ ಒಂದು, ಮುಚ್ಚಿ ರಿವೆಟ್ ಮೊಳೆ ಹೊಡೆದ ಮೇಲೆ ಹೊರಮೈಗೆ ಒಂದು. ಹೊರಗಿನ ಮುದ್ರೆ ಅಳಿಸದಿರಲಿ ಎಂದು ಮೇಲೊಂದು ಕೈ ವಾರ್ನಿಷ್ ಬಳಿಯುತ್ತಿದ್ದರು. ಹೊರಗೆ ಮುದ್ರೆ ಒತ್ತಿದವನು ಆ ವಿಮಾನದ ಮೊದಲ ಹಾರಾಟಕ್ಕೆ ತಾನೂ ಹತ್ತಬೇಕು. "ನಿನ್ನ ಕೆಲಸ ನಂಬಿ ಪೈಲಟ್ ಸಾಯ್ಬೇಕಾದ್ರೆ ನೀನೂ ಜೊತೆಗಿರು" ಎಂಬ ಲೆಕ್ಕ. ನನ್ನನ್ನೂ ಒಮ್ಮೆ ಹತ್ತಿಸಿದರು. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮನೆದೇವರನ್ನೆಲ್ಲ ಕರೆದೆ. ಇಳಿದ ಮೇಲೆ ಪೈಲಟ್, "ಮುದ್ರೆ ಒತ್ತುವಾಗ ಇಷ್ಟು ಹೆದರಿದ್ರಾ?" ಎಂದು ಕೇಳಿದ. ಆವತ್ತಿನಿಂದ ನಾನು ಕಣ್ಣಾರೆ ಕಾಣದ್ದಕ್ಕೆ ಮುದ್ರೆ ಒತ್ತಿಲ್ಲ. ಒಂದು ಸಲದ ವಿನಾ. ಅದನ್ನೇ ಈಗ ಹೇಳಹೊರಟಿರುವುದು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಕೊಪ್ಪದ ಅರಣ್ಯ ಕಚೇರಿಯಿಂದ ಕಾರ್ಖಾನೆಗೆ ಒಂದು ಕಾಗದ ಬಂತು. ಕಿಗ್ಗದ ಮೇಲಿನ ಕಾಡಿನಲ್ಲಿ ಮಳೆಗೆ ಗುಡ್ಡ ಜರಿದು, ಹಳೆಯ ವಿಮಾನದ ತುಂಡುಗಳು ಕಾಣಿಸಿಕೊಂಡಿವೆ, ಯುದ್ಧಕಾಲದ್ದಿರಬಹುದು, ತಿಳಿದವರು ಬಂದು ಗುರುತಿಸಿಕೊಡಬೇಕು ಎಂದು. ಕಾಡು ಹತ್ತಬೇಕು ಎಂದ ಕೂಡಲೇ ನಮ್ಮ ವಿಭಾಗದ ಗಂಡಸರಿಗೆಲ್ಲ ಮಂಡಿನೋವು ಬಂತು. ನಾನು ಬ್ಯಾಗು ತುಂಬಿದೆ.

ಕೊಪ್ಪದಲ್ಲಿ ಕಾಗದಪತ್ರಕ್ಕೆ ಸಹಿ ಹಾಕಿ, ಶೃಂಗೇರಿಗೆ ಬಂದು, ಅಲ್ಲಿಂದ ಅರಣ್ಯ ಇಲಾಖೆಯ ಜೀಪಿನಲ್ಲಿ ಕಿಗ್ಗ ಮುಟ್ಟಿದೆ. ನನ್ನನ್ನು ಎದುರುಗೊಂಡವನು ಫಾರೆಸ್ಟ್ ಗಾರ್ಡ್ ಮಂಜಪ್ಪ. ನಲವತ್ತೈದರ ಆಸುಪಾಸು, ಗಟ್ಟಿ ಆಳು, ತುಂಡುಗಳನ್ನು ಮೊದಲು ಕಂಡವನು ಅವನೇ. ಊರು ನರಸಿಂಹರಾಜಪುರದ ಹತ್ತಿರದ ಸೀತೂರು. ತುಂಡುಗಳನ್ನೆಲ್ಲ ಆಳುಗಳ ಕೈಲಿ ಹೊರಿಸಿ ತಂದು ತನ್ನ ಕ್ವಾರ್ಟರ್ಸಿನ ಹಿಂದಿನ ಅಂಗಳದಲ್ಲಿ ಇಟ್ಟಿದ್ದೇನೆ ಎಂದ.

"ಮೊದ್ಲು ಒಂಚೂರು ಕಾಫಿ ಕುಡೀರಿ ಮೇಡಂ" ಎಂದು ಒಳಗೆ ಕರೆದ. ಅಡುಗೆಮನೆಯಲ್ಲಿ ಕಟ್ಟಿಗೆ ಒಲೆ ಧಗಧಗ ಉರಿಯುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ, ಒಣಮೀನು ಮತ್ತು ಹಲಸಿನಬೀಜದ ಪಕ್ಕ, ಹಿತ್ತಾಳೆ ಬುಡದ ಮೂರು ದಪ್ಪ ತೋಟಾ ಕಂಡವು. ಆಪತ್ತಿನಲ್ಲಿ ಸನ್ನೆಗಾಗಿ ಆಕಾಶಕ್ಕೆ ಹಾರಿಸುವ ಬೆಂಕಿ ತೋಟಾಗಳು. ನನ್ನ ಜೀವ ಬಾಯಿಗೆ ಬಂತು.

"ಮಂಜಪ್ಪ, ಅವು ಅಲ್ಲಿ ಯಾಕಿವೆ?"

"ಒದ್ದೆ ಆಗಿದ್ವು ಮೇಡಂ. ಒಣಗ್ಲಿ ಅಂತೇಳಿ ಇಟ್ಟೆ."

"ಎಷ್ಟು ದಿನ ಆಯ್ತು?"

"ಒಂದು ಮೂರು ವಾರ ಆಗಿರ್ಬೌದು."

ಮೂರು ವಾರ! ಮೂರು ಹೊತ್ತೂ ಅದರ ಕೆಳಗೆ ಅನ್ನ ಬೇಯಿಸಿದ್ದಾರೆ. ಎಲ್ಲರನ್ನೂ ಹೊರಗೆ ಕಳಿಸಿ, ಒಲೆಯ ಕಟ್ಟಿಗೆ ಎಳೆದು ನೀರು ಹಾಕಿಸಿ, ಜೀಪಿನವನನ್ನು ಶೃಂಗೇರಿ ಪೊಲೀಸರ ಬಳಿಗೆ ಓಡಿಸಿದೆ. ತಿಳಿದವರು ಬಂದು ಅವನ್ನು ಒಯ್ಯುವವರೆಗೆ ನಾವು ದೂರದ ಮರದಡಿ ನಿಂತಿದ್ದೆವು. ಮಂಜಪ್ಪನಿಗೆ ಆಗಲೂ ಗಾಬರಿಯಿಲ್ಲ. "ಅರವತ್ತು ವರ್ಷದ್ದು ಮಾರಾಯ್ರೇ, ಅದಕ್ಕೆಂತ ಶಕ್ತಿ ಇರ್ತದೆ?" ಎಂದ. ಪೊಲೀಸಿನವರು ಆಮೇಲೆ ಬಯಲಿನಲ್ಲಿ ಒಂದನ್ನು ಸುಟ್ಟು ತೋರಿಸಿದಾಗ ಬೆಂಕಿ ತೆಂಗಿನಮರದೆತ್ತರ ಎದ್ದಿತು. ಮಂಜಪ್ಪ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಮಕ್ಕಳೇ, ಹಳೆಯ ವಿಮಾನ ಎಂದರೆ ಸತ್ತ ವಿಮಾನ ಎಂದುಕೊಳ್ಳಬೇಡಿ. ಮೊದಲು ಸಿಡಿಯುವುದನ್ನು ಹುಡುಕಿ, ಆಮೇಲೆ ನಂಬರು ಹುಡುಕಿ.

ಆದರೆ ಆ ದಿನದ ದೊಡ್ಡ ಆಘಾತ ಇನ್ನೂ ಬಾಕಿಯಿತ್ತು. ಸಂಜೆಯ ಬಿಸಿಲು ಇರುವಾಗಲೇ ಹಿಂದಿನ ಅಂಗಳಕ್ಕೆ ಹೋದೆ.

ವಿಮಾನ ಥಳಥಳ ಹೊಳೆಯುತ್ತಿತ್ತು. ಒಂದು ತುಂಡಿನ ಮೇಲೂ ಮಣ್ಣಿಲ್ಲ, ಪಾಚಿಯಿಲ್ಲ, ಬಣ್ಣವೂ ಇಲ್ಲ. ಅರವತ್ತು ವರ್ಷ ಕಾಡಿನಲ್ಲಿ ಬಿದ್ದಿದ್ದ ತಗಡು, ಕಡ್ಡಿ, ಮುಚ್ಚಳ, ಪೈಪುಗಳನ್ನು ಯಾರೋ ಗೌರಿಹಬ್ಬದ ಪಾತ್ರೆಗಳ ಹಾಗೆ ಬೆಳಗಿ, ಚಾಪೆ ಹಾಸಿ, ಸಾಲಾಗಿ ಇಟ್ಟಿದ್ದರು. ಪ್ರತಿಯೊಂದರ ಮೇಲೂ ಒಂದು ಬೊಟ್ಟು ಕುಂಕುಮ.

"ಯಾರು ಮಾಡಿದ್ದು ಇದನ್ನ?" ನಾನು ಕೂಗಿದೆ. "ಯಾರಿಗೆ ಹೇಳಿ ಮಾಡಿದ್ರಿ? ತಲೆ ಕೆಟ್ಟಿದೆಯಾ ನಿಮಗೆ? ಇದರ ಮೇಲಿನ ಗುರುತೆಲ್ಲ ಹೋಯ್ತಲ್ಲ!"

ಮಂಜಪ್ಪ ತಲೆ ತಗ್ಗಿಸಿದ. ಜಗಲಿಯ ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಎದ್ದರು. ಎಪ್ಪತ್ತು ದಾಟಿದ ಸಣಕಲು ಜೀವ. ಕೈಬೆರಳುಗಳು ಹುಳಿಗೆ ಬೆಂದು ಸಿಪ್ಪೆ ಎದ್ದಿದ್ದವು.

"ನಾನೇ ತಿಕ್ಕಿದ್ದು ತಾಯಿ. ಬೆಂಗ್ಳೂರಿಂದ ದೊಡ್ಡೋರು ಬತ್ತಾರೆ ಅಂದ ಮಂಜ. ಅಣ್ಣ ಮುಟ್ಟಿದ ಸಾಮಾನು ಇರ್ಬೌದು. ಕೊಳಕು ಕೊಳಕಾಗಿ ಹೆಂಗೆ ತೋರ್ಸದು?"

ಅವರು ಮಂಜಪ್ಪನ ದೊಡ್ಡಮ್ಮ, ಹೆಸರು ಪುಟ್ಟಮ್ಮ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವರು. ವಿಮಾನ ಸಿಕ್ಕಿದೆ ಎಂದು ಅವನು ಹೇಳಿದ್ದೇ ತಡ, ಸೀತೂರಿನಿಂದ ಮೂರು ಬಸ್ಸು ಬದಲಾಯಿಸಿ ಒಬ್ಬರೇ ಬಂದಿದ್ದರು. ಐದು ದಿನ ಕೂತು ಹುಣಸೆಹುಳಿ, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದ್ದರು.

ಕೂಗಾಡಿದ್ದಕ್ಕೆ ನನಗೆ ಹೇಸಿಗೆಯಾಯಿತು. ಸೀಮೆಎಣ್ಣೆ ಹಾಕಿ ಒರೆಸಿದವಳು ನಾನೂ ಅಲ್ಲವೆ? ಪಕ್ಕದಲ್ಲಿ ಕೂತು, ಯಾರಮ್ಮ ನಿಮ್ಮ ಅಣ್ಣ ಎಂದು ಕೇಳಿದೆ.

ಅಣ್ಣನ ಹೆಸರು ತಿಮ್ಮಪ್ಪ. ನರಸಿಂಹರಾಜಪುರದಲ್ಲಿ ಬಸ್ಸು ರಿಪೇರಿ ಕಲಿತವನು. ಯುದ್ಧ ಶುರುವಾದಾಗ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿದ. ಪುಟ್ಟಮ್ಮನಿಗೆ ಹತ್ತು ವರ್ಷ ಇರುವಾಗ ಒಂದು ದಿನ ಮನೆಗೆ ಪೊಲೀಸರು ಬಂದರು. ನಿಮ್ಮ ಮಗ ಯುದ್ಧದ ಕೆಲಸ ಬಿಟ್ಟು ಓಡಿಹೋಗಿದ್ದಾನೆ, ಬಚ್ಚಿಟ್ಟಿದ್ದೀರಾ ಎಂದು ಅಟ್ಟ, ಕಣಜ ಎಲ್ಲ ಜಾಲಾಡಿದರು. ಆಮೇಲೆ ಇನ್ನೊಂದು ಸಲ ಬಂದರು. ತಿಮ್ಮಪ್ಪ ಮಾತ್ರ ಬರಲೇ ಇಲ್ಲ. ಊರಿನಲ್ಲಿ ಅದು ಓಡಿಹೋದವನ ಮನೆ ಎಂದೇ ಆಯಿತು.

"ಊರೋರು ಎಂತ ಬೇಕಾದ್ರೂ ಅನ್ಲಿ, ಅದಲ್ಲ ನನ್ ಸಂಕ್ಟ" ಎಂದರು ಪುಟ್ಟಮ್ಮ. "ಪಿತೃಪಕ್ಷದಲ್ಲಿ ಹಿರೇರಿಗೆ ಎಡೆ ಇಡ್ತೀವಲ್ಲ, ಅಪ್ಪಂಗೆ, ಅವ್ವಂಗೆ, ತಂಗಿಗೆ, ಹೆಸ್ರು ಹೇಳಿ ಒಂದೊಂದು ಎಲೆ ಹಾಕ್ತೀನಿ. ಅಣ್ಣಂಗೆ ಹಾಕ್ಲಾ ಬೇಡ್ವಾ? ಬದ್ಕಿರೋರ ಹೆಸ್ರಲ್ಲಿ ಎಡೆ ಇಟ್ರೆ ನಾವೇ ಕೊಂದಂಗೆ. ಸತ್ತೋರಿಗೆ ಇಡ್ದೇ ಇದ್ರೆ ಹಸ್ಕಂಡು ಬಾಗ್ಲಲ್ಲಿ ನಿಂತಿರ್ತಾರೆ. ಅವ್ವ ಸಾಯೋ ತಂಕ ಇಡ್ಲಿಲ್ಲ, ಬತ್ತಾನೆ ಅಂದ್ಲು. ನಾನೂ ಇಟ್ಟಿಲ್ಲ. ಅರವತ್ತು ವರ್ಷ ಆತು ತಂಗೀ. ನಂಗೂ ದಿನ ಬಂತು. ಇಡ್ಲಾ ಬೇಡ್ವಾ, ಅಷ್ಟು ಹೇಳ್ಬಿಡಿ."

ನನ್ನ ಇಡೀ ಕೆಲಸದ ಅವಧಿಯಲ್ಲಿ ಯಾರೂ ನನ್ನ ಬಳಿ ಅಂಥ ಪ್ರಶ್ನೆ ಕೇಳಿರಲಿಲ್ಲ. ನಮ್ಮಲ್ಲಿ ಪ್ರಶ್ನೆ ಏನಿದ್ದರೂ ತಗಡಿಗೆ ಸಂಬಂಧಿಸಿದ್ದು.

ಮರುದಿನ ಬೆಳಿಗ್ಗೆ ಕೆಲಸ ಹಿಡಿದೆ. ಸುತ್ತಿಗೆಯಿಂದ ಹೊಡೆದು ಮೂಡಿಸಿದ ಭಾಗಸಂಖ್ಯೆಗಳು ಹುಣಸೆಹುಳಿಗೆ ಜಗ್ಗಿರಲಿಲ್ಲ. ಟಾರ್ಚ್ ಅಡ್ಡ ಬಿಟ್ಟು ಒಂದೊಂದನ್ನೇ ಓದಿದೆ. ಎರಡು ಇಂಜಿನಿನ ಯುದ್ಧವಿಮಾನ, ನಮ್ಮದೇ ಕಾರ್ಖಾನೆಯಲ್ಲಿ ರಿಪೇರಿಯಾದದ್ದು. ನಮ್ಮಲ್ಲಿ ಬಳಸುತ್ತಿದ್ದ ರಿವೆಟ್ ಬೇರೆ ಥರ, ತಲೆಯನ್ನು ಕೈಯಲ್ಲಿ ಅರ ಹಾಕಿ ಉಜ್ಜಿರುತ್ತಾರೆ. ರಿಪೇರಿ ಮುಗಿದ ವಿಮಾನವನ್ನು ಕರಾವಳಿಗೆ ತಲುಪಿಸುವಾಗ ಮೋಡದಲ್ಲಿ ದಾರಿ ತಪ್ಪಿ ಗುಡ್ಡಕ್ಕೆ ಬಡಿದಿರಬೇಕು. ಜೀಪಿನಲ್ಲಿ ಸಿರಿಮನೆ ಕಡೆಗೆ ಹೋಗಿ, ಅಲ್ಲಿಂದ ನಡೆದು, ಗುಡ್ಡ ಜರಿದ ಜಾಗವನ್ನೂ ನೋಡಿ ಬಂದೆ. ಜಿಗಣೆ ಕಚ್ಚಿಸಿಕೊಂಡದ್ದು ಬಿಟ್ಟರೆ ಸಿಕ್ಕಿದ್ದು ಒಂದು ಬೂಟಿನ ಅಟ್ಟೆ. ಮೂಳೆ ಏನೂ ಉಳಿದಿರಲಿಲ್ಲ.

ಇನ್ನು ನೋಡಲು ಉಳಿದದ್ದು ರೆಕ್ಕೆಯ ಬುಡದ ಒಂದು ಮುಚ್ಚಳ. ಅದರ ಮೇಲೆ ಅಂಗೈಯಗಲ ತೇಪೆ. ತೇಪೆ ಎಂದರೆ ಎರಡು ಮುದ್ರೆ. ಯುದ್ಧಕಾಲದಲ್ಲಿ ಇನ್‌ಸ್ಪೆಕ್ಟರುಗಳು ಸಾಲದೆ ನುರಿತ ಫಿಟ್ಟರುಗಳಿಗೂ ಮುದ್ರೆ ಕೊಡುತ್ತಿದ್ದರೆಂದು ರಾಜಾರಾಯರು ಹೇಳಿದ್ದು ನೆನಪಿತ್ತು. ಹೊರಮೈಯನ್ನು ಭೂತಗನ್ನಡಿ ಹಿಡಿದು ಇಂಚಿಂಚೂ ನೋಡಿದೆ. ಕನ್ನಡಿಯ ಹಾಗಿತ್ತು, ನನ್ನ ಮುಖವೇ ಕಂಡಿತು.

"ಪುಟ್ಟಮ್ಮ, ಇಲ್ಲಿ ದುಂಡಗೆ ಏನಾದ್ರೂ ಇತ್ತಾ?"

"ಹೂಂ, ಕರೇ ಮಚ್ಚೆ ಇತ್ತು. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ಹುಣಸೆಹುಳಿ ಮೆತ್ತಿ ಒಂದಿನ ಹಂಗೇ ಬಿಟ್ಟು ಆಮೇಲೆ ತೆಗ್ದೆ."

"ಆ ಮಚ್ಚೆಯ ನಡುವೆ ನಂಬರ್ ಕಂಡ್ರಾ?"

"ನಂಗೆಲ್ಲಿ ಓದಕ್ ಬತ್ತದೆ ತಾಯೀ" ಎಂದವರು, ನನ್ನ ಮುಖ ನೋಡಿ ಗಾಬರಿಯಾದರು. "ಎಂತ, ಅದೇ ಬೇಕಾಗಿತ್ತಾ?"

ನಾನು ಭೂತಗನ್ನಡಿ ಕೆಳಗಿಟ್ಟೆ. ಅವರಿಗೆ ಅರ್ಥವಾಯಿತು. ಆ ಬೆಂದ ಕೈಗಳಿಂದ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡರು. ನಾನು ಕೈ ಹಿಡಿದುಕೊಂಡೆ.

ರಿವೆಟ್ ಕೊರೆದು ತೇಪೆ ಬಿಚ್ಚಿದೆ. ಅದನ್ನು ಬಿಚ್ಚಲು ನನಗೆ ಅನುಮತಿ ಇರಲಿಲ್ಲ, ಆದದ್ದಾಗಲಿ ಎಂದು ಬಿಚ್ಚಿದೆ. ತೇಪೆಯಡಿ, ಹುಳಿ ಮುಟ್ಟದ ಜಾಗದಲ್ಲಿ, ನಿನ್ನೆ ಒತ್ತಿದ ಹಾಗೆ ಕಪ್ಪು ವೃತ್ತ. ನಡುವೆ ನಲವತ್ತೊಂದು.

ಬೆಂಗಳೂರಿಗೆ ಬಂದವಳೇ ರೆಕಾರ್ಡ್ ರೂಮಿಗೆ ಹೋಗಿ ಯುದ್ಧಕಾಲದ ಮುದ್ರೆ ರಿಜಿಸ್ಟರ್ ಹುಡುಕಿಸಿದೆ. ಗೆದ್ದಲು ಹಿಡಿದಿತ್ತು. ನಲವತ್ತೊಂದರ ಎದುರಿಗೆ ಬರೆದಿತ್ತು: ತಿಮ್ಮಪ್ಪ, ಫಿಟ್ಟರ್, ಊರು ಸೀತೂರು. ನಾನು ಆ ಧೂಳಿನಲ್ಲೇ ಕೂತು ಅತ್ತೆ.

ಈಗ ನನ್ನ ತಪ್ಪನ್ನು ಸರಿಯಾಗಿ ಕೇಳಿಸಿಕೊಳ್ಳಿ. ಒಳಗಿನ ಮುದ್ರೆ ಹೇಳುವುದು ಇಷ್ಟೇ: ತೇಪೆಯ ಒಳಗೆಲಸ ಮಾಡಿದವನು ತಿಮ್ಮಪ್ಪ. ವಿಮಾನ ಹತ್ತಿದವನು ಯಾರು ಎಂದು ಹೇಳಬೇಕಾದದ್ದು ಹೊರಗಿನ ಮುದ್ರೆ. ಅದು ಹುಳಿಯಲ್ಲಿ ಹೋಗಿತ್ತು. ಆದರೆ ಸಾಮಾನ್ಯವಾಗಿ ಒಳಗೆ ಒತ್ತಿದವನೇ ಹೊರಗೂ ಒತ್ತುತ್ತಾನೆ. ಮನುಷ್ಯ ಅದೇ ಹೊತ್ತಿಗೆ ಕಾಣೆಯಾಗಿದ್ದಾನೆ. ಯುದ್ಧದ ಗಡಿಬಿಡಿಯಲ್ಲಿ ಫಿಟ್ಟರ್ ಹೆಸರು, ವಿಮಾನ ಹತ್ತಿದವರನ್ನು ಬರೆಯುವ ಹಾರಾಟದ ಹಾಳೆಗೆ ಸೇರದೆ, ಪಾಪ, ಅವನನ್ನು ಓಡಿಹೋದವನೆಂದು ಬರೆದುಬಿಟ್ಟಿದ್ದಾರೆ. ಹೀಗೆಂದು ನಾನು ನನಗೇ ಹೇಳಿಕೊಂಡೆ. ಕಣ್ಣಾರೆ ಕಂಡದ್ದಲ್ಲ. ಆ ಮುದುಕಿಯ ಕೈ ಕಂಡಿದ್ದೆ, ಅಷ್ಟೇ. ಮೇಲಿನವರಿಗೆ ಕಳಿಸಿದ ವರದಿಯಲ್ಲಿ 'ಹೊರ ಮುದ್ರೆ ಅಳಿದಿದೆ' ಎಂದು ನಿಯಮದ ಪ್ರಕಾರ ಬರೆದೆ. ಆದರೆ ರಜೆ ಹಾಕಿ ಸೀತೂರಿಗೆ ಹೋಗಿ, "ಪುಟ್ಟಮ್ಮ, ನಿಮ್ಮಣ್ಣ ಓಡಿಹೋಗಲಿಲ್ಲ. ಆ ವಿಮಾನದಲ್ಲೇ ಹೋದ. ಎಡೆ ಇಡಿ" ಎಂದುಬಿಟ್ಟೆ.

ಪುಟ್ಟಮ್ಮ ಸೆರಗು ಕಚ್ಚಿಕೊಂಡು ಕೂತರು. ಆಮೇಲೆ, "ಒಂದು ಕಾಗ್ದದಲ್ಲಿ ಬರ್ಕೊಡಿ. ಊರೋರಿಗೆ ತೋರ್ಸಕ್ಕಲ್ಲ, ನಂಗೇ ಬೇಕು. ನಿಮ್ದೂ ಒಂದು ಮುದ್ರೆ ಇರ್ತದಂತಲ್ಲ, ಅದ್ನ ಒತ್ತಿ ಕೊಡಿ" ಎಂದರು. ಬ್ಯಾಗಿನಲ್ಲಿ ಮುದ್ರೆ ಇತ್ತು. ಬರೆದು ಒತ್ತಿಕೊಟ್ಟೆ.

ಆ ಪಿತೃಪಕ್ಷದಲ್ಲಿ ಮಂಜಪ್ಪ ಫೋನ್ ಮಾಡಿದ. "ಇಟ್ರು ಮೇಡಂ ಎಡೆ. ಮಾವಂಗೆ ಕಳಲೆ ಪಲ್ಯ ಅಂದ್ರೆ ಜೀವ ಅಂತೆ, ಅದನ್ನೇ ಮಾಡಿ, ಕಡುಬು, ಕೋಳಿ ಸಾರು ಎಲ್ಲ ಹಾಕಿ ಇಟ್ರು. ಆ ರಾತ್ರಿ ದೊಡ್ಡಮ್ಮ ಎಂಥಾ ನಿದ್ದೆ ಮಾಡ್ತು ಗೊತ್ತುಂಟಾ!" ನನಗೂ ಎದೆ ತುಂಬಿ ಬಂತು. ಇಷ್ಟು ವರ್ಷದ ಕೆಲಸ ಸಾರ್ಥಕವಾಯಿತು ಎಂದು ಮನೆಯವರ ಎದುರು ಕೊಚ್ಚಿಕೊಂಡೆ.

ಎರಡು ಪಿತೃಪಕ್ಷ ಕಳೆಯಿತು. ನನ್ನ ನಿವೃತ್ತಿಗೆ ಕೆಲವೇ ವಾರ ಇರುವಾಗ, ನನ್ನ ವರದಿಯ ಬೆನ್ನು ಹತ್ತಿ ಹಳೆಯ ಕಡತ ಹುಡುಕಿದ್ದ ದೆಹಲಿಯ ಒಂದು ಕಚೇರಿಯಿಂದ ದಪ್ಪ ಲಕೋಟೆ ಬಂತು. ಮೊದಲನೆಯದು ಹಾರಾಟದ ಹಾಳೆಯ ನಕಲು. ಫಿಟ್ಟರ್ ಹೆಸರು ಅದರಲ್ಲಿ ಇತ್ತು. ಸುಬ್ರಮಣಿ, ಮುದ್ರೆ ಸಂಖ್ಯೆ ಹದಿನೇಳು.

ಎರಡನೆಯದು ಒಂದು ಕೈಬರಹದ ಪತ್ರದ ನಕಲು. ಯುದ್ಧ ಮುಗಿದು ಐದಾರು ವರ್ಷದ ಮೇಲೆ, ಉತ್ತರದ ಒಂದು ರೈಲ್ವೆ ವರ್ಕ್‌ಶಾಪಿನಿಂದ ನಮ್ಮ ಕಾರ್ಖಾನೆಗೆ ಬರೆದದ್ದು. ತಾನು ಹಿಂದೆ ಮಾಡಿದ ಕೆಲಸಕ್ಕೆ ಸರ್ಟಿಫಿಕೇಟ್ ಬೇಕು ಎಂಬ ಅರ್ಜಿ. ಕೆಳಗೆ ಸಹಿ ತಿಮ್ಮಪ್ಪನದು. ಓಡಿಹೋದದ್ದಕ್ಕೆ ಕಾರಣವನ್ನೂ ಬರೆದಿದ್ದ. ಅವತ್ತು ಆಕಾಶ ನೋಡಿ ಹಾರಲು ಹೆದರಿಕೆಯಾಯಿತು. ಜೊತೆಗಾರ ಸುಬ್ರಮಣಿ, ನೀನಿರು ನಾನು ಹೋಗಿ ಬರುತ್ತೇನೆ ಎಂದು ಹೊರಗಿನ ಮುದ್ರೆ ತನ್ನದು ಒತ್ತಿ ಹತ್ತಿದ. ವಿಮಾನ ತಲುಪಲಿಲ್ಲ ಎಂದು ಸಂಜೆ ತಿಳಿದಾಗ ಯಾರಿಗೂ ಮುಖ ತೋರಿಸುವ ಧೈರ್ಯ ಬರಲಿಲ್ಲ, ಸಿಕ್ಕಿದ ರೈಲು ಹತ್ತಿದೆ ಎಂದು.

ನಂಬಲಾಗದೆ ಆ ವರ್ಕ್‌ಶಾಪಿಗೆ ಕಾಗದ ಬರೆದೆ. ಉತ್ತರ ಬಂತು. ತಿಮ್ಮಪ್ಪ ಅಲ್ಲೇ ಕೆಲಸ ಮಾಡಿ ನಿವೃತ್ತನಾಗಿದ್ದ. ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳು. ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಆ ವಾರ ನನಗೆ ಊಟ ಸೇರಲಿಲ್ಲ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಮುದುಕಿ ನೆಮ್ಮದಿಯಾಗಿದ್ದಾಳೆ, ಹೇಗೂ ಅಣ್ಣ ಸತ್ತದ್ದು ನಿಜ, ಎಡೆ ಇಡುವುದೂ ಸರಿಯೇ. ಹೀಗೆಲ್ಲ ವಾದ ಮಾಡಿ ನೋಡಿದೆ. ಆದರೆ ಆ ಕಾಗದದ ಮೇಲೆ ನನ್ನ ಮುದ್ರೆ ಇತ್ತು. ತಪ್ಪಾಗಿ ಒತ್ತಿದ ಮುದ್ರೆಯನ್ನು ಒತ್ತಿದವರೇ ಹೋಗಿ ಹೊಡೆದುಹಾಕಬೇಕು, ನಮ್ಮಲ್ಲಿ ಅದೇ ನಿಯಮ.

ಪಿತೃಪಕ್ಷಕ್ಕೆ ಹತ್ತು ದಿನ ಇರುವಾಗ ಸೀತೂರಿಗೆ ಹೋದೆ. ಮಂಜಪ್ಪನೂ ರಜೆಯಲ್ಲಿ ಬಂದಿದ್ದ. ಪುಟ್ಟಮ್ಮ ಅಂಗಳದಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಹೇಳಿ ಕೈಮುಗಿದೆ. "ನಾನು ನೋಡದೆ ಮುದ್ರೆ ಒತ್ತಿದೆ ಪುಟ್ಟಮ್ಮ. ತಪ್ಪು ನನ್ನದು."

ಅವರಿಗೆ ನನ್ನ ತಪ್ಪಿನ ಗೊಡವೆಯೇ ಇರಲಿಲ್ಲ.

"ಬದ್ಕಿದ್ನಾ?" ಎಂದರು. ಮುಖ ಅರಳಿಬಿಟ್ಟಿತು. "ಮಂಜಾ, ಕೇಳ್ದೇನಾ? ಮಾವ ಬದ್ಕಿದ್ನಂತೆ ಮಾರಾಯ! ಆ ಗುಡ್ಡದ್ಮೇಲೆ ಸುಟ್ಕಂಡು ಸಾಯ್ಲಿಲ್ವಂತೆ! ಮದ್ವೆ ಆಗಿತ್ತಾ? ಹೆಣ್ಮಕ್ಳಾ? ಉಣ್ಣಕ್ ತಿನ್ನಕ್ ತೊಂದ್ರೆ ಇರ್ಲಿಲ್ವಲ್ಲ?"

"ಇರಲಿಲ್ಲ. ಒಳ್ಳೆ ಕೆಲಸದಲ್ಲಿದ್ದರು."

"ಕೂತ್ಕಳಿ, ಯಾಕ್ ನಿಂತೀರಿ? ಮಂಜಾ, ಮೇಡಮ್ಮೋರಿಗೆ ಕಾಫಿ ಮಾಡ್ಸು, ಸಕ್ರೆ ಜಾಸ್ತಿ ಹಾಕ್ಸು." ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಕೂತೆ. ಬಯ್ಯಿಸಿಕೊಳ್ಳಲು ಬಂದವಳಿಗೆ ಈ ಸಂತೋಷವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಮತ್ತೆ ಮೊರ ಎತ್ತಿಕೊಂಡರು. ನಾಲ್ಕು ಕಾಳು ಆರಿಸಿ ನಿಲ್ಲಿಸಿದರು.

"ಹನ್ನೊಂದು ವರ್ಷ ಆತು ಅಂದ್ರಲ್ಲ, ತೀರ್ಕಂಡು?"

"ಹೌದು."

"ಅವ್ವ ಹೋಗಿದ್ದು ಅದಕ್ಕೂ ಇಪ್ಪತ್ತು ವರ್ಷ ಮುಂಚೆ" ಎಂದರು. ಮೊರದಲ್ಲಿ ಬೆರಳಾಡಿಸುತ್ತ ಕೇಳಿದರು, "ಇಲ್ಲೇ ಮೇಲ್ಮನೆ ಹುಡ್ಗ ರೈಲ್ವೇಲಿ ಅವ್ನೆ. ಅವಂಗೆ ವರ್ಷ ವರ್ಷ ಪುಕ್ಸಟ್ಟೆ ಪಾಸ್ ಕೊಡ್ತಾರೆ. ಹೆಂಡ್ತಿ ಮಕ್ಳನ್ನೂ ಕಟ್ಕಂಡು ಎಲ್ಲಿಗೆ ಬೇಕಾದ್ರೂ ಹೋಗಿ ಬತ್ತಾನೆ. ಎಲ್ರಿಗೂ ಕೊಡ್ತಾರಾ ತಂಗೀ ಅದು?"

ಇಲ್ಲ ಎನ್ನಬಹುದಿತ್ತು. "ಕೊಡ್ತಾರೆ" ಎಂದೆ.

ಪುಟ್ಟಮ್ಮ ಮೊರವನ್ನು ನೆಲಕ್ಕಿಟ್ಟರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಮಂಜಪ್ಪ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಅಣ್ಣನ ಬದ್ಲು ಹೋದ್ನಲ್ಲ, ಆ ಹುಡ್ಗನ ಹೆಸ್ರು ಎಂತ ಅಂದ್ರಿ?"

"ಸುಬ್ರಮಣಿ."

"ಸುಬ್ರಮಣಿ" ಎಂದು ಅವರು ಎರಡು ಸಲ ಹೇಳಿಕೊಂಡರು. ಆಮೇಲೆ ಮಂಜಪ್ಪನ ಕಡೆ ತಿರುಗಿದರು. "ಈ ಸಲ ಆ ಎಲೆ ಸುಬ್ರಮಣಿ ಹೆಸ್ರಲ್ಲಿ ಹಾಕನ. ತಿಮ್ಮಣ್ಣಂಗೆ ಬೇಡ. ಅಂವ ಬಂದೇ ಉಣ್ಬೌದಿತ್ತು."